ಗ್ರೂಪಿಗೆ ಸೇರಿಸೋ ಮುಂಚೆ ಒಂದು ಮಾತು ಕೇಳ್ರೀ!

ದಾವಣಗೆರೆ ಮಂಡಿಪೇಟೆಯ ಒಂದು ಕಿರಾಣಿ ಅಂಗಡಿ. ಬೆಳಿಗ್ಗೆ ಒಂಬತ್ತರ ಸಮಯ. ಸಾಹುಕಾರರು ಬಾಗಿಲಿಗೆ ನೀರು ಚಿಮುಕಿಸಿ, ದೇವರ ಪಟಕ್ಕೆ ಊದುಬತ್ತಿ ಬೆಳಗಿ, ಗಲ್ಲಾಪೆಟ್ಟಿಗೆ ಮುಟ್ಟಿ ಕಣ್ಣಿಗೊತ್ತಿಕೊಂಡು ಕೂರುವಷ್ಟರಲ್ಲಿ ಅಂಗಿ ಜೇಬಿನ ಫೋನು ನಲವತ್ತು ಸಲ ಗುಂಯ್‌ಗುಟ್ಟಿರುತ್ತದೆ. ತೆಗೆದು ನೋಡಿದರೆ ಏನು? ಗುಲಾಬಿ ಹೂವು, ಕಾಫಿ ಲೋಟ, ಸೂರ್ಯೋದಯ, ಜೋಡಿ ಪಾರಿವಾಳ. ‘ಶುಭೋದಯ’, ‘ಶುಭ ಮಂಗಳವಾರ’. ಇವೆಲ್ಲದರ ನಡುವೆ ಎಲ್ಲೋ ಸಿಕ್ಕಿಹಾಕಿಕೊಂಡ ಒಂದು ಸಾಲು: ‘ಅಣ್ಣಾ, ಬೇಳೆ ಲೋಡು ಬಂದೈತಿ, ಹಮಾಲರನ್ನ ಕಳಿಸ್ರಿ.’

ಆ ಸಾಲು ಸಾಹುಕಾರರ ಕಣ್ಣಿಗೆ ಬಿದ್ದಾಗ ಹನ್ನೊಂದೂವರೆ. ಅಷ್ಟು ಹೊತ್ತಿಗೆ ಹಮಾಲರು ಬೇರೆ ಲಾರಿ ಹಿಡಿದಿದ್ದರು. ಲಾರಿ ಡ್ರೈವರು ಕಾದು ಕಾದು ಕ್ಯಾಬಿನ್ನಿನಲ್ಲೇ ಕಾಲು ಚಾಚಿ ಮಲಗಿದ್ದ.

ತಪ್ಪು ಯಾರದು ಸ್ವಾಮಿ? ಲೋಡಿನ ಸುದ್ದಿ ಹಾಕಿದವನದಾ, ನೋಡದೆ ಇದ್ದ ಸಾಹುಕಾರರದಾ, ಅಥವಾ ಎದ್ದ ತಕ್ಷಣ ಹಲ್ಲುಜ್ಜುವುದಕ್ಕೂ ಮುಂಚೆ ಊರಿಗೆಲ್ಲ ಹೂವು ಹಂಚುವ ಪುಣ್ಯಾತ್ಮರದಾ?

ವ್ಯಾಪಾರ ಅಂದಮೇಲೆ ನಾಲ್ಕು ಜನರ ಪರಿಚಯ ಬೇಕು. ಇದು ಇಂದು ನಿನ್ನೆಯ ಮಾತಲ್ಲ. ಹಿಂದೆ ಈ ಪರಿಚಯ ಚಹಾದಂಗಡಿ ಬೆಂಚಿನ ಮೇಲೆ ಆಗುತ್ತಿತ್ತು, ದುಗ್ಗಮ್ಮನ ಜಾತ್ರೆಯಲ್ಲಿ ಆಗುತ್ತಿತ್ತು, ಮದುವೆಯ ಊಟದ ಪಂಕ್ತಿಯಲ್ಲಿ ಆಗುತ್ತಿತ್ತು. ಖಾರ ಮಂಡಕ್ಕಿ, ಮಿರ್ಚಿ ತಿನ್ನುತ್ತಾ ಸಂಬಂಧ ಕುದುರುತ್ತಿದ್ದವು, ಸಾಲ ಹುಟ್ಟುತ್ತಿತ್ತು, ಬಾಡಿಗೆ ಮನೆ ಸಿಗುತ್ತಿತ್ತು. ಈಗ ಅದೆಲ್ಲ ಅಂಗೈಯಗಲದ ಫೋನಿನೊಳಗೆ ಸೇರಿಕೊಂಡಿದೆ. ಓಣಿಗೊಂದು ವಾಟ್ಸಾಪ್ ಗ್ರೂಪು, ಸಂಘಕ್ಕೊಂದು ಗ್ರೂಪು, ಬಸ್ಸಿಗೊಂದು ಗ್ರೂಪು, ಚೀಟಿಗೊಂದು ಗ್ರೂಪು. ಬೇಡ ಅನ್ನುವುದಕ್ಕಾಗುವುದಿಲ್ಲ, ಅನುಕೂಲವೂ ಉಂಟು. ಆದರೆ ಚಹಾದಂಗಡಿ ಬೆಂಚಿಗೆ ಒಂದು ರೀತಿ ರಿವಾಜು ಇತ್ತು ನೋಡಿ. ಹಿರಿಯರು ಬಂದರೆ ಸರಿದು ಕೂರುತ್ತಿದ್ದರು, ಇಬ್ಬರು ಗುಟ್ಟು ಮಾತಾಡುತ್ತಿದ್ದರೆ ಮೂರನೆಯವನು ಎದ್ದು ಹೋಗುತ್ತಿದ್ದ. ಫೋನಿಗೆ ಹೋಗುವಾಗ ನಾವು ಬೆಂಚನ್ನು ಹೊತ್ತುಕೊಂಡು ಹೋದೆವು, ರಿವಾಜನ್ನು ಅಂಗಡಿಯಲ್ಲೇ ಬಿಟ್ಟೆವು.

ಅದರಿಂದ ಏನಾಯಿತು ಅನ್ನುವುದಕ್ಕೆ ನಮ್ಮೂರಿನ ಒಂದು ಸಂಗತಿ ಹೇಳಬೇಕು. ಹೆಸರು, ಓಣಿ ಕೇಳಬೇಡಿ, ಹೇಳುವುದಿಲ್ಲ.

ಉದ್ರಿ ಪುಸ್ತಕದ ಒಂದು ಹಾಳೆ

ಒಂದು ಓಣಿಯ ವರ್ತಕರ ಗ್ರೂಪು. 214 ಜನ ಸದಸ್ಯರು. ಅದರಲ್ಲೊಬ್ಬ ಕಿರಾಣಿ ವ್ಯಾಪಾರಿ. ಒಳ್ಳೆಯ ಮನುಷ್ಯರೇ, ತೂಕದಲ್ಲಿ ಮೋಸ ಮಾಡಿದವರಲ್ಲ. ಕಳೆದ ತಿಂಗಳು ಒಂದು ಶನಿವಾರ ರಾತ್ರಿ ಲೆಕ್ಕ ನೋಡುತ್ತಾ ಕೂತಿದ್ದಾಗ ಅವರಿಗೆ ಸಿಟ್ಟು ನೆತ್ತಿಗೇರಿತು. ಉದ್ರಿ ಪುಸ್ತಕದ ಒಂದು ಹಾಳೆಯ ಫೋಟೋ ಹೊಡೆದರು. ಹಾಳೆಯ ಮೇಲೆ ಗಿರಾಕಿಯ ಹೆಸರು, ಫೋನ್ ನಂಬರು, ಬಾಕಿ 3,860 ರೂಪಾಯಿ. ಗ್ರೂಪಿಗೆ ಹಾಕಿ ಕೆಳಗೆ ಬರೆದರು: ‘ಎಂಟು ತಿಂಗಳಾತು. ಇವರಿಗೆ ಯಾರೂ ಉದ್ರಿ ಕೊಡಬ್ಯಾಡ್ರಿ.’

ಗಿರಾಕಿ ಯಾರು? ಒಂದು ಕಾಲಕ್ಕೆ ಕಾಟನ್ ಮಿಲ್ಲಿನಲ್ಲಿ ದುಡಿದ ಯಜಮಾನರು. ಮಿಲ್ಲು ಮುಚ್ಚಿದ ಮೇಲೆ ಸೆಕ್ಯೂರಿಟಿ ಕೆಲಸ, ಈಗ ಅದೂ ಇಲ್ಲ. ಮಗನ ಸಂಪಾದನೆಯಲ್ಲಿ ಮನೆ. ಇಪ್ಪತ್ತು ವರ್ಷದಿಂದ ಅದೇ ಅಂಗಡಿಯಲ್ಲಿ ಉದ್ರಿ. ಅವರ ಹತ್ತಿರ ಇರುವುದು ಗುಂಡಿ ಒತ್ತುವ ಫೋನು. ವಾಟ್ಸಾಪ್ ಇಲ್ಲ. ತಮ್ಮ ಹೆಸರು 214 ಜನರ ಅಂಗೈಯಲ್ಲಿ ಕೂತಿದೆ ಅನ್ನುವುದು ಆ ರಾತ್ರಿ ಅವರಿಗೆ ಗೊತ್ತೇ ಆಗಲಿಲ್ಲ. ನಿದ್ದೆ ಮಾಡಿದರು.

ಗೊತ್ತಾದದ್ದು ಅವರ ಮಗಳಿಗೆ. ಅದೂ ರಾಣೆಬೆನ್ನೂರಿನಲ್ಲಿ! ಗ್ರೂಪಿನಲ್ಲಿದ್ದ ಒಬ್ಬ ಟೈಲರು ಅವಳ ಗಂಡನ ಕಡೆ ದಾಯಾದಿ. ಹಾಳೆ ಅಲ್ಲಿಂದ ಹಾರಿತು. ಭಾನುವಾರ ಬೆಳಿಗ್ಗೆ ಅತ್ತೆ ಚಹಾ ಕೊಡುತ್ತಾ, ‘ನಿಮ್ಮಪ್ಪಾರಿಗೆ ಅಷ್ಟು ಕಷ್ಟ ಇದ್ರ ನಮಗಾದ್ರೂ ಹೇಳಬಾರದಾ?’ ಅಂದರಂತೆ. ಅನುಕಂಪದ ಮಾತೇ. ಆದರೂ ಆ ಮಾತು ಕೇಳಿದ ಮಗಳು ಹಿತ್ತಲಿಗೆ ಹೋಗಿ ಅತ್ತು, ತವರಿಗೆ ಫೋನು ಮಾಡಿದಳು.

ಈಗ ಕೇಳಿ ತಮಾಷೆ. ಆ ಬಾಕಿಯಲ್ಲಿ 3,500 ರೂಪಾಯಿ ಆಗಲೇ ಸಂದಾಯವಾಗಿತ್ತು! ಸೊಸೆ ಎರಡು ಕಂತಿನಲ್ಲಿ ಅಂಗಡಿಯ ಕ್ಯೂಆರ್ ಹಲಗೆಗೆ ಫೋನ್ ಹಿಡಿದು ಕಳಿಸಿದ್ದಳು. ಆ ಖಾತೆ ಇರುವುದು ಸಾಹುಕಾರರ ಮಗನ ಹೆಸರಿನಲ್ಲಿ, ಮಗ ಇರುವುದು ಬೆಂಗಳೂರಿನಲ್ಲಿ. ದುಡ್ಡು ಬಂದ ಸುದ್ದಿ ಅವನ ಫೋನಿಗೆ ಹೋಯಿತು. ಅಂಗಡಿಯಲ್ಲಿದ್ದ ಕೆಲಸದ ಹುಡುಗ ‘ಬರ್ಕೋತೀನಿ ಅಕ್ಕಾ’ ಅಂದವನು ಬರೆದುಕೊಳ್ಳಲಿಲ್ಲ. ನಿಜವಾದ ಬಾಕಿ 360 ರೂಪಾಯಿ.

ಸಾಹುಕಾರರಿಗೆ ಎದೆ ಧಸಕ್ಕೆಂದಿತು. ಫೋಟೋ ಅಳಿಸಿದರು. ‘ಎಲ್ಲರಿಗೂ ಅಳಿಸು’ ಅನ್ನುವ ಗುಂಡಿ ಉಂಟಲ್ಲ, ಅದನ್ನು ಒತ್ತಿದರು. ಆದರೆ ಆ ಗುಂಡಿ ಅಳಿಸುವುದು ಆ ಗ್ರೂಪಿನಲ್ಲಿ ಇದ್ದದ್ದನ್ನು ಮಾತ್ರ. ಅಷ್ಟರಲ್ಲಿ ಯಾರೋ ಸ್ಕ್ರೀನ್‌ಶಾಟ್ ಹೊಡೆದು ಬೇರೆ ಮೂರು ಗ್ರೂಪಿಗೆ ಹಾಕಿದ್ದರು. ಉಪಕಾರ ಮಾಡುವ ಉದ್ದೇಶದಿಂದ ಅಂತ ಇಟ್ಟುಕೊಳ್ಳೋಣ. ಕೈಬಿಟ್ಟ ಕಲ್ಲನ್ನು ಯಾವ ಗುಂಡಿ ಒತ್ತಿ ವಾಪಸು ಕರೆಯುತ್ತೀರಿ?

ಸೋಮವಾರ ಸಾಹುಕಾರರು ಯಜಮಾನರ ಮನೆಗೆ ಹೋಗಿ ಕೈಮುಗಿದರು. ಮನೆಯವರು ಚಹಾ ಕೊಟ್ಟರು. ಯಜಮಾನರು ‘ಇರ್ಲಿ ಬಿಡ್ರಿ, ಆಗೇತಿ’ ಅಂದರು. ಅಲ್ಲಿಗೆ ಮುಗಿಯಿತು ಅಂತ ಸಾಹುಕಾರರು ತಿಳಿದರು. ಆದರೆ ಯಜಮಾನರು ಮಾರನೆಯ ದಿನದಿಂದ ಆ ಓಣಿಯಲ್ಲಿ ಓಡಾಡುವುದನ್ನೇ ಬಿಟ್ಟರು. ಹಾಲು ತರುವುದಕ್ಕೂ ಹಿಂದಿನ ಗಲ್ಲಿ ಸುತ್ತಿಕೊಂಡು ಹೋಗುತ್ತಿದ್ದರು.

ಈ ವಿಷಯ ನಮ್ಮ ಕಿವಿಗೆ ಬಿದ್ದಾಗ ಸಾಹುಕಾರರನ್ನು ಒಂದೇ ಪ್ರಶ್ನೆ ಕೇಳಿದೆವು. ‘ಅಲ್ರೀ, ಮಾನ ತೆಗೆದದ್ದು 214 ಜನರ ಮುಂದೆ. ತಪ್ಪಾಯ್ತು ಅಂದದ್ದು ಅಡಿಗೆಮನೆಯಲ್ಲಿ, ಮೂರು ಜನರ ಮುಂದೆ. ಲೆಕ್ಕ ತಾಳೆಯಾಗುತ್ತದೇನು?’ ಲೆಕ್ಕದ ಮನುಷ್ಯರು, ಉತ್ತರ ಹೇಳಲಿಲ್ಲ.

ನಾವೂ ಸಾಚಾ ಅಲ್ಲ

ಊರಿಗೆ ಬುದ್ಧಿ ಹೇಳುವ ಈ ಅಂಕಣದವನು ಏನು ಕಡಿಮೆಯೇ? ಎರಡು ವರ್ಷದ ಹಿಂದೆ ಒಬ್ಬ ನಿವೃತ್ತ ಮೇಷ್ಟ್ರ ಫೋಟೋ, ಸುತ್ತ ಹೂವಿನ ಚೌಕಟ್ಟು, ಕೆಳಗೆ ‘ಓಂ ಶಾಂತಿ’ ಅಂತ ಒಂದು ಗ್ರೂಪಿನಲ್ಲಿ ಬಂತು. ಕಣ್ಣು ತೇವ ಮಾಡಿಕೊಂಡು ಹತ್ತು ಜನಕ್ಕೆ ಕಳಿಸಿದೆ. ಕೊನೆಗೆ ಮನೆಯವರಿಗೆ ಸಮಾಧಾನ ಹೇಳೋಣವೆಂದು ಫೋನು ಮಾಡಿದರೆ ಎತ್ತಿದವರು ಖುದ್ದು ಮೇಷ್ಟ್ರು! ‘ನಾನೇ ಕಣಪ್ಪಾ ಮಾತಾಡ್ತಿರೋದು. ಹಾರ ತಗೊಂಡು ಬರ್ತೀಯೋ, ಬರಿಗೈಲಿ ಬರ್ತೀಯೋ?’ ತೀರಿಕೊಂಡದ್ದು ಅದೇ ಹೆಸರಿನ ಇನ್ನೊಬ್ಬರು. ಯಾರೋ ಅವಸರದಲ್ಲಿ ಫೋಟೋ ಅದಲುಬದಲು ಮಾಡಿದ್ದರು. ಮೇಷ್ಟ್ರು ನಕ್ಕರು. ಅವರ ಹೆಂಡತಿ ಮಾತ್ರ ಇವತ್ತಿಗೂ ನಮ್ಮನ್ನು ಕಂಡರೆ ಮುಖ ತಿರುಗಿಸುತ್ತಾರೆ. ಸರಿಯಾಗಿಯೇ ಮಾಡುತ್ತಾರೆ.

ಸಾವಿನ ಸುದ್ದಿಯನ್ನಾದರೂ ನಗಿಸಿ ಮುಗಿಸಬಹುದು. ಆದರೆ ಸುದ್ದಿಯೇ ಸಾವು ತಂದದ್ದೂ ನಮ್ಮ ರಾಜ್ಯದಲ್ಲಿ ಉಂಟು. 2018ರ ಜುಲೈ ತಿಂಗಳು, ಬೀದರ್ ಜಿಲ್ಲೆ. ಹೈದರಾಬಾದಿನಿಂದ ಬಂದಿದ್ದ ಗೆಳೆಯರು ದಾರಿಯಲ್ಲಿ ಶಾಲೆ ಮಕ್ಕಳಿಗೆ ಚಾಕಲೇಟು ಕೊಟ್ಟರು. ಅಷ್ಟೇ. ‘ಮಕ್ಕಳ ಕಳ್ಳರು ಬಂದಾರೆ’ ಅನ್ನುವ ಗುಲ್ಲು ವಾಟ್ಸಾಪಿನಲ್ಲಿ ಓಡಿತು. ಅವರ ಕಾರಿಗಿಂತ ಮುಂಚೆ ಸುದ್ದಿ ಮುರ್ಕಿ ಗ್ರಾಮ ತಲುಪಿತ್ತು. ಜನ ಅಡ್ಡಗಟ್ಟಿ ಹೊಡೆದರು, ಒಬ್ಬ ಯುವಕ ಸತ್ತ, ಜೊತೆಯವರು ಗಾಯಗೊಂಡರು. ಗ್ರೂಪಿನ ಅಡ್ಮಿನ್ ಸೇರಿ ಹಲವರನ್ನು ಪೊಲೀಸರು ಹಿಡಿದರು. ಅದೇ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲೂ ಇಂಥದ್ದೇ ಗುಲ್ಲಿಗೆ ಕೆಲಸ ಹುಡುಕಿ ಬಂದಿದ್ದ ರಾಜಸ್ಥಾನದ ಯುವಕ ಬಲಿಯಾಗಿದ್ದ. ಕಳಿಸಿದವರಲ್ಲಿ ಬಹಳ ಜನ ಕೊಲೆಗಡುಕರಲ್ಲ. ‘ನಮ್ಮ ಮಕ್ಕಳು ಹುಷಾರಾಗಿರಲಿ’ ಅಂತ ಕಳಿಸಿದವರೇ.

ಆ ಜುಲೈನಲ್ಲೇ ಕಂಪನಿಯವರು ನಮ್ಮ ದೇಶದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಕಡೆಗಿಂತ ಹೆಚ್ಚು ಫಾರ್ವರ್ಡ್ ಮಾಡದಂತೆ ಕಟ್ಟು ಹಾಕಿದರು. 2020ರ ಏಪ್ರಿಲ್‌ನಲ್ಲಿ ಇನ್ನೂ ಬಿಗಿ ಮಾಡಿದರು: ಕೈಯಿಂದ ಕೈಗೆ ಬಹಳ ದಾಟಿ ಬಂದ ಸಂದೇಶವಾದರೆ ಒಂದು ಸಲಕ್ಕೆ ಒಂದೇ ಕಡೆ. ಅಂಥದ್ದರ ತಲೆಯ ಮೇಲೆ ಎರಡು ಬಾಣದ ಗುರುತು ಇರುತ್ತದೆ. ಎರಡು ಬಾಣ ಕಂಡರೆ ಅದು ಬರೆದವನ ಕೈಬಿಟ್ಟು ಎಷ್ಟೋ ಊರು ಸುತ್ತಿ ಬಂದಿದೆ ಅಂತ ಅರ್ಥ. ‘ನಮ್ಮ ಭಾವ ಕಳಿಸ್ಯಾರ, ಸುಳ್ಳಿರಂಗಿಲ್ಲ’ ಅನ್ನಬೇಡಿ. ಭಾವನಿಗೂ ಯಾರೋ ಕಳಿಸಿದ್ದೇ.

7:40ರ ಬಸ್ಸು

ಇನ್ನು ಬಸ್ಸಿನವರ ಕಥೆ. ಹರಿಹರದಿಂದ ಇಲ್ಲಿಗೆ, ಇಲ್ಲಿಂದ ಚಿತ್ರದುರ್ಗಕ್ಕೆ ದಿನಾ ಓಡಾಡುವವರು ತಮ್ಮ ತಮ್ಮಲ್ಲೇ ಗ್ರೂಪು ಮಾಡಿಕೊಂಡಿದ್ದಾರೆ. ‘ಬಸ್ಸು ಎಲ್ಲಿ ಬಂತು?’, ‘ಇವತ್ತು ರಶ್ಶು’, ‘ನಾನು ಹತ್ತಿದೆ, ಹಿಂದೆ ಸೀಟು ಐತೆ’. ಬಲು ಉಪಯೋಗದ ಕೆಲಸ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳ ಓಡಾಟ ಹೆಚ್ಚಿತು, ಇಂಥ ಗ್ರೂಪುಗಳಲ್ಲೂ ಹೆಚ್ಚಿತು.

ಅಲ್ಲೇ ಒಂದು ಮುಳ್ಳಿದೆ. ಗ್ರೂಪಿಗೆ ಸೇರಿದವರ ನಂಬರು ಗ್ರೂಪಿನಲ್ಲಿದ್ದವರಿಗೆಲ್ಲ ಕಾಣುತ್ತದೆ. ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುವ ಹುಡುಗಿಯೊಬ್ಬಳು ನಮ್ಮ ಹತ್ತಿರ ಹೇಳಿಕೊಂಡಳು: ‘ಬಸ್ಸಿಗೋಸ್ಕರ ಸೇರ್ಕಂಡೆ ಅಣ್ಣಾ. ರಾತ್ರಿ ಹತ್ತೂವರೆಗೆ ಗುರುತಿಲ್ಲದವರು ‘ಊಟ ಆತಾ?’ ಅಂತಾರೆ. ಉತ್ತರ ಕೊಡಲಿಲ್ಲ ಅಂದ್ರೆ ‘ನೀಲಿ ಗೀಟು ಬಂತು, ಓದೀರಿ, ಯಾಕ್ ಮಾತಾಡಲ್ಲ?’ ಅಂತ ಇನ್ನೊಂದು.’ ಕೊನೆಗೆ ಅವಳು ಗ್ರೂಪು ಬಿಟ್ಟಳು. ಈಗ ಬಸ್ಸು ತಡವಾದ ಸುದ್ದಿ ಗೊತ್ತಾಗದೆ ಬಿಸಿಲಲ್ಲಿ ನಿಲ್ಲುವವಳು ಅವಳೇ. ಊಟ ವಿಚಾರಿಸಿದ ಮಹಾನುಭಾವ ಹಾಯಾಗಿ ಗ್ರೂಪಿನಲ್ಲೇ ಇದ್ದಾನೆ!

ಅದೇ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಣ್ಣುಮಗಳನ್ನು ರಾತ್ರಿ ಹತ್ತೂವರೆಗೆ ಮನೆ ಬಾಗಿಲು ತಟ್ಟಿ ‘ಊಟ ಆತೇನಮ್ಮಾ’ ಅಂತ ಕೇಳುತ್ತಾನೇನು ಅವನು? ಕೇಳಿದರೆ ಬೆನ್ನು ಮುರಿಯುತ್ತಾರೆ. ಫೋನೂ ಮನೆ ಬಾಗಿಲೇ. ನಮ್ಮ ಹಳ್ಳಿ ಕಡೆ ಇನ್ನೊಬ್ಬರ ಹಟ್ಟಿಗೆ ಕಾಲಿಡುವ ಮುಂಚೆ ಗಂಡಸರು ಕೆಮ್ಮುತ್ತಾರೆ ನೋಡಿ, ಒಳಗಿನವರು ಸೆರಗು ಸರಿಮಾಡಿಕೊಳ್ಳಲಿ ಅಂತ. ಓದು ಬರಹ ಇಲ್ಲದವರಿಗೆ ತಿಳಿದದ್ದು ಎರಡು ಡಿಗ್ರಿಯವರಿಗೆ ತಿಳಿಯುವುದಿಲ್ಲವೆಂದರೆ ಏನು ಹೇಳೋಣ.

ನೀಲಿ ಗೀಟಿನ ಮಾತು ಬಂದದ್ದಕ್ಕೆ ಹೇಳುತ್ತೇವೆ. ಓದಿದ ಕೂಡಲೇ ಉತ್ತರ ಕೊಡಬೇಕೆಂದು ಯಾವ ಕಾಯಿದೆಯೂ ಇಲ್ಲ. ಅಂಗಡಿಯಲ್ಲಿ ಗಿರಾಕಿ ನಿಂತಿರಬಹುದು, ಮಗುವಿಗೆ ಜ್ವರ ಇರಬಹುದು. ಅಷ್ಟು ಅವಸರ ಇದ್ದರೆ ಫೋನು ಮಾಡಿ, ಅದೂ ಹೊತ್ತು ನೋಡಿ.

ವ್ಯಾಪಾರಸ್ಥರಿಗೆ ಎರಡು ಮಾತು

ಗಿರಾಕಿ ಒಂದು ಸಲ ಬಿಲ್ಲಿಗೆ ನಂಬರು ಕೊಟ್ಟರೆ ಸಾಕು, ಮಾರನೆಯ ದಿನ ‘ಶ್ರಾವಣ ಬಂಪರ್ ಆಫರ್’ ಗ್ರೂಪಿನಲ್ಲಿ ಅವರೂ ಇರುತ್ತಾರೆ. ಯಾರು ಸೇರಿಸಿದರು, ಯಾಕೆ ಸೇರಿಸಿದರು, ದೇವರಿಗೇ ಗೊತ್ತು. ಸೀರೆ ಮಾರುವವರಿಗೆ ಇದು ವ್ಯಾಪಾರ. ಆದರೆ ನಿಮ್ಮ ಇನ್ನೂರು ಗಿರಾಕಿಗಳ ನಂಬರನ್ನು ನೀವು ಪರಸ್ಪರ ಹಂಚಿಬಿಟ್ಟಿರಿ ಅನ್ನುವುದು ಹೊಳೆಯಲಿಲ್ಲವೇ? ಪಕ್ಕದ ಅಂಗಡಿಯವನೂ ಆ ಗ್ರೂಪಿನಲ್ಲಿ ಸೇರಿಕೊಂಡು ನಿಮ್ಮ ಗಿರಾಕಿಗಳನ್ನು ಬರೆದುಕೊಳ್ಳುತ್ತಿದ್ದಾನೆ ಅನ್ನುವುದಾದರೂ ಹೊಳೆಯಬೇಕಿತ್ತು!

ಇದಕ್ಕೆ ಬೇರೆ ದಾರಿ ಇದೆ. ‘ಬ್ರಾಡ್‌ಕಾಸ್ಟ್’ ಅಂತ ಒಂದು ಸೌಕರ್ಯ. 256 ಜನರ ತನಕ ಪಟ್ಟಿ ಮಾಡಿ ಒಂದೇ ಸಲ ಕಳಿಸಬಹುದು. ಒಬ್ಬರಿಗೊಬ್ಬರ ನಂಬರು ಕಾಣುವುದಿಲ್ಲ, ಪ್ರತಿಯೊಬ್ಬರಿಗೂ ತಮಗೇ ಬರೆದಂತೆ ತಲುಪುತ್ತದೆ. ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಹೋಗುತ್ತದೆ. ಅಂದರೆ ನೀವು ಬೇಕು ಅಂದವರಿಗೆ ಮಾತ್ರ. ಇದಕ್ಕಿಂತ ಮರ್ಯಾದಸ್ಥ ವ್ಯವಸ್ಥೆ ಬೇಕೇ? ಗ್ರೂಪೇ ಆಗಬೇಕು ಅನ್ನುವವರು ಮೊದಲು ಬಾಯಿಬಿಟ್ಟು ಕೇಳಿ: ‘ಅಕ್ಕಾರೇ, ಹೊಸ ಮಾಲು ಬಂದ್ರೆ ಫೋಟೋ ಕಳಿಸ್ಲಾ?’ ನೂರರಲ್ಲಿ ಐವತ್ತು ಜನ ಹೂಂ ಅಂದರೂ ಆ ಐವತ್ತು ಜನ ನೋಡುತ್ತಾರೆ. ಕೇಳದೆ ಸೇರಿಸಿದ ಐನೂರು ಜನ ಬಾಯಿ ಮುಚ್ಚಿಸಿ ಇಟ್ಟಿರುತ್ತಾರೆ, ನಿಮ್ಮದಲ್ಲ, ಫೋನಿನದು.

ಗಿರಾಕಿಗಳಿಗೂ ಉಪಾಯ ಉಂಟು. 2019ರಿಂದ ಫೋನಿನ ಸೆಟ್ಟಿಂಗಿನಲ್ಲಿ ‘ನನ್ನನ್ನು ಯಾರು ಗ್ರೂಪಿಗೆ ಸೇರಿಸಬಹುದು’ ಅನ್ನುವ ಕಡೆ ಪರಿಚಯದವರು ಮಾತ್ರ ಎಂದು ಗುರುತು ಹಾಕಬಹುದು. ಸಾಕಾಯಿತು ಅನ್ನುವವರು ಹೊರಗೆ ಹೋದರೆ 2022ರ ಆಗಸ್ಟ್‌ನಿಂದ ಊರಿಗೆಲ್ಲ ಡಂಗುರವಾಗುವುದಿಲ್ಲ, ಅಡ್ಮಿನ್‌ಗೆ ಮಾತ್ರ ತಿಳಿಯುತ್ತದೆ. ಹೊರಗೆ ಹೋದವರನ್ನು ‘ಯಾಕ್ ಬಿಟ್ರಿ? ಸಿಟ್ಟೇನು?’ ಅಂತ ಮತ್ತೆ ಎಳೆದುಕೊಂಡು ಬರುವ ಅಡ್ಮಿನ್‌ಗಳಿದ್ದಾರೆ. ಪಂಕ್ತಿಯಲ್ಲಿ ಸಾಕು ಅಂದವರ ಎಲೆಗೆ ಬಲವಂತವಾಗಿ ಅನ್ನ ಸುರಿದ ಹಾಗೆ.

ಅಡ್ಮಿನ್ ಅಂದಕೂಡಲೇ ಜೈಲು ಅಂತ ಹೆದರುವವರೂ ಬಹಳ. ಸದಸ್ಯ ಹಾಕಿದ ಕೆಟ್ಟ ಸಂದೇಶಕ್ಕೆ ಅಡ್ಮಿನ್ ಆಗಿದ್ದ ಒಂದೇ ಕಾರಣಕ್ಕೆ ಹೊಣೆ ಬರುವುದಿಲ್ಲ ಅಂತ 2021ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ, 2022ರಲ್ಲಿ ಕೇರಳ ಹೈಕೋರ್ಟು ಹೇಳಿವೆ. ತಾನೂ ಕೈಜೋಡಿಸಿದ್ದರೆ ಅದು ಬೇರೆ ಮಾತು. ಕಾನೂನಿನ ಹೊಣೆ ಹೀಗೆ. ಮನೆ ಯಜಮಾನನ ಹೊಣೆ ಇದಕ್ಕಿಂತ ಸ್ವಲ್ಪ ದೊಡ್ಡದು. ಉದ್ರಿ ಹಾಳೆ ಬಂದ ರಾತ್ರಿ ಆ ಗ್ರೂಪಿನ ಅಡ್ಮಿನ್ ಎಚ್ಚರವಾಗಿಯೇ ಇದ್ದರು. ಹೆಬ್ಬೆರಳು ಒತ್ತಿ ಸುಮ್ಮನಾದರು. ಯಾರು ಹಾಕಿದ್ದನ್ನಾದರೂ ಅಳಿಸುವ ಅಧಿಕಾರ ಅಡ್ಮಿನ್‌ಗೆ ಉಂಟು. ಎರಡು ಕ್ಷಣದ ಕೆಲಸ.

ಇನ್ನು ಮದುವೆ ಕರೆಯೋಲೆ. ‘ಇದನ್ನೇ ವೈಯಕ್ತಿಕ ಆಹ್ವಾನವೆಂದು ಭಾವಿಸಿ’ ಅಂತ ಗ್ರೂಪಿಗೆ ಒಂದು ಹಾಳೆ ಎಸೆದು ಕೈತೊಳೆದುಕೊಳ್ಳುವ ಪದ್ಧತಿ ಬಂದಿದೆ. ದೂರದೂರಿನವರಿಗೆ ಸರಿ. ಪಕ್ಕದ ಅಂಗಡಿಯವರಿಗೂ ಅದೇ ಏನು? ಹತ್ತು ಹೆಜ್ಜೆ ನಡೆದು ಅಕ್ಷತೆ ಕೊಡುವುದಕ್ಕೆ ಕಾಲಿಗೆ ಏನಾಗಿದೆ? ಇದರಲ್ಲಿ ಇನ್ನೊಂದು ಅಪಾಯವೂ ಹುಟ್ಟಿಕೊಂಡಿದೆ. ಮದುವೆ ಪತ್ರಿಕೆ ಅಂತ ಹೇಳಿ ‘ಎಪಿಕೆ’ ಫೈಲು ಕಳಿಸುವ ಕಳ್ಳರು. ಒತ್ತಿದರೆ ಪತ್ರಿಕೆ ತೆರೆಯುವುದಿಲ್ಲ, ನಿಮ್ಮ ಫೋನು ಅವರಿಗೆ ತೆರೆದುಕೊಳ್ಳುತ್ತದೆ, ಬ್ಯಾಂಕಿನ ಒಟಿಪಿ ಸಮೇತ. ಪತ್ರಿಕೆ ಅಂದರೆ ಚಿತ್ರ ಅಥವಾ ಪಿಡಿಎಫ್ ಆಗಿರುತ್ತದೆ, ಎಪಿಕೆ ಆಗಿರುವುದಿಲ್ಲ. ಒತ್ತಿ ದುಡ್ಡು ಹೋಗಿದ್ದರೆ ನಾಚಿಕೊಂಡು ಕೂರದೆ ತಕ್ಷಣ 1930ಕ್ಕೆ ಫೋನು ಮಾಡಿ. ಅನುಮಾನದ ಫೈಲನ್ನು ‘ಇದು ಸರಿನಾ ನೋಡ್ರಿ’ ಅಂತ ಗ್ರೂಪಿಗೆ ಹಾಕಬೇಡಿ ಮಾರಾಯ್ರೇ, ಇನ್ನೂರು ಜನ ಒತ್ತಿ ನೋಡುತ್ತಾರೆ!

ಬೆಳಗಿನ ಹೂವಿನ ವಿಷಯಕ್ಕೆ ಏನೂ ಹೇಳುವ ಧೈರ್ಯ ನಮಗಿಲ್ಲ. ಅದರಲ್ಲಿ ಪ್ರೀತಿ ಇದೆ. ಒಂಟಿಯಾಗಿರುವ ಎಷ್ಟೋ ಹಿರಿಯರು ‘ನಾನಿನ್ನೂ ಇದ್ದೇನೆ’ ಅಂತ ಹೇಳುವ ದಾರಿ ಅದು. ನೇರ ಒಬ್ಬರಿಗೆ ಕಳಿಸಿ, ಸಂತೋಷ. ಲೋಡಿನ ಗ್ರೂಪಿಗೆ, ಬಸ್ಸಿನ ಗ್ರೂಪಿಗೆ ಬೇಡ. ಅಡ್ಮಿನ್ ಮನಸ್ಸು ಮಾಡಿದರೆ ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಬೀಗ ಹಾಕುವ ಸೌಲಭ್ಯ 2018ರಿಂದಲೇ ಇದೆ. ಮಂಡಿಪೇಟೆಯ ನಮ್ಮ ಬೇಳೆ ಸಾಹುಕಾರರು ಈಗ ಲೋಡಿಗೆಂದೇ ಬೇರೆ ಗ್ರೂಪು ಮಾಡಿ ಬೀಗ ಹಾಕಿಸಿದ್ದಾರೆ. ಒಂದೇ ಒಂದು ಗುಲಾಬಿ ಇಲ್ಲ.

ಉದ್ರಿ ಹಾಳೆಯ ಸಾಹುಕಾರರು ನಮ್ಮ ಪ್ರಶ್ನೆಯನ್ನು ಒಂದು ವಾರ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು. ಆಮೇಲೆ ಒಂದು ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಅದೇ ಗ್ರೂಪಿನಲ್ಲಿ ಬರೆದರು: ‘ಹಿಂದೆ ನಾನು ಹಾಕಿದ್ದ ಬಾಕಿ ಲೆಕ್ಕ ತಪ್ಪು. ಅವರು ದುಡ್ಡು ಕೊಟ್ಟಿದ್ದರು. ನಾನು ಬರೆದುಕೊಂಡಿರಲಿಲ್ಲ. ತಪ್ಪು ನಂದು.’ ಮೇಲೆ ಏಳು ಶುಭೋದಯ, ಕೆಳಗೆ ಹನ್ನೊಂದು ಶುಭೋದಯ. 214 ಜನರಲ್ಲಿ ನಾಲ್ಕು ಹೆಬ್ಬೆರಳು ಬಂದವು. ಈ ಸಲ ಯಾರೂ ಸ್ಕ್ರೀನ್‌ಶಾಟ್ ಹೊಡೆದು ರಾಣೆಬೆನ್ನೂರಿಗೆ ಕಳಿಸಲಿಲ್ಲ. ಆ ಟೈಲರನ್ನು ಹುಡುಕಿಕೊಂಡು ಹೋಗಿ, ‘ಇದನ್ನೂ ಕಳಿಸಪ್ಪಾ’ ಅಂತ ಸಾಹುಕಾರರೇ ಕೇಳಿಕೊಳ್ಳಬೇಕಾಯಿತು.

ಮೊನ್ನೆ ಸೋಮವಾರ ಸಂಜೆ ಯಜಮಾನರು ಅಂಗಡಿಗೆ ಬಂದರು. ಒಂದು ಕೆ.ಜಿ. ಸಕ್ಕರೆ, ಅರ್ಧ ಕೆ.ಜಿ. ತೊಗರಿಬೇಳೆ, ಒಂದು ಬೆಂಕಿಪೊಟ್ಟಣ. ಸಾಹುಕಾರರು ಅಭ್ಯಾಸಬಲದಿಂದ ಪುಸ್ತಕ ಎಳೆದುಕೊಂಡು ಪೆನ್ನು ತೆಗೆದರು. ಯಜಮಾನರು ಟವೆಲಿನ ಗಂಟು ಬಿಚ್ಚಿ ನೋಟು ಎಣಿಸಿ ಗಲ್ಲಾದ ಮೇಲೆ ಇಟ್ಟರು.

‘ಬರಿಯೋದು ಬ್ಯಾಡ್ರಿ. ನಗದು ಐತಿ.’